ಥೆಲ್ಮಾಳ ಮಂಗಳವಾರ

ಮಾರ್ಚ್ 2, ಗುರುವಾರ

ಬಾಯಿ ಮುಚ್ಚಿಕೊಂಡಿರಿ ಅಂತ ಮೊನ್ನೆ ಮೊನ್ನೆ ಕಾಲೇಜು ಮುಗಿಸಿದ ಹುಡುಗಿಯೊಬ್ಬಳು ನನ್ನ ಅಡುಗೆಮನೆಯಲ್ಲಿ ಕೂತು, ನನ್ನ ಚಹಾ ಕುಡಿಯುತ್ತಾ, ನನಗೇ ಹೇಳಿ ಹೋದಳು. ಅದಕ್ಕೇ ಈ ಬರವಣಿಗೆ. ಬಾಯಲ್ಲಿ ಆಡುವಂತಿಲ್ಲ ಅಂದಮೇಲೆ ಮಾತು ಎಲ್ಲಾದರೂ ಹೋಗಬೇಕಲ್ಲ!

ಹುಡುಗಿಯ ಹೆಸರು ಬ್ರಯೊನಿ. ನನ್ನ ಹೆಂಡತಿ ಥೆಲ್ಮಾಗೆ ಮಾತು ಕಲಿಸಲು ಆಸ್ಪತ್ರೆಯವರು ಬುಧವಾರ ಬುಧವಾರ ಕಳಿಸುತ್ತಾರೆ. ಜನವರಿಯಲ್ಲಿ ಥೆಲ್ಮಾಗೆ ಲಕ್ವ ಹೊಡೆಯಿತು. ಬಲಗೈ ಸ್ವಲ್ಪ ಸೋತಿದೆ, ಕಾಲು ಪರವಾಗಿಲ್ಲ, ಬುದ್ಧಿ ಮೊದಲಿನಷ್ಟೇ ಚುರುಕು. ಹೋದದ್ದು ಮಾತು. ಅದರಲ್ಲಿ ಒಂದೇ ಒಂದು ಪದ ಉಳಿದುಕೊಂಡಿದೆ: ಮಂಗಳವಾರ. ಚಹಾ ಬೇಕಾದರೂ ಮಂಗಳವಾರ, ಬೆಕ್ಕು ಒಳಗೆ ಬಂದರೂ ಮಂಗಳವಾರ, ನನ್ನ ಮೇಲೆ ಸಿಟ್ಟು ಬಂದರೆ ಇನ್ನೂ ಜೋರಾಗಿ ಮಂಗಳವಾರ. ಅದೇ ಪದ ಯಾಕೆ ಉಳಿಯಿತು ಅಂತ ಬ್ರಯೊನಿಯನ್ನು ಕೇಳಿದರೆ, ಯಾಕೆ ಅಂತ ಹೇಳೋಕಾಗಲ್ಲ ಅಂದಳು. ನನಗೇನೋ ಅನುಮಾನ ಇದೆ. ಮಂಗಳವಾರ ನಮ್ಮೂರಿನ ದನದ ಸಂತೆ. ಹರಾಜು ಕೂಗುತ್ತಿದ್ದವನು ನಾನು. ನಮ್ಮ ಸಂಸಾರ ಪೂರ್ತಿ ಮಂಗಳವಾರದ ಸುತ್ತಲೇ ನಡೆದದ್ದು.

“ಅವರು ಬಾಯಿ ತೆರೆದ ತಕ್ಷಣ ನೀವೇ ಮಾತು ಮುಗಿಸಿಬಿಡ್ತೀರಲ್ಲ, ಮಿಸ್ಟರ್ ಹೆಂಬ್ರೋ,” ಅಂದಳು ಹುಡುಗಿ.

“ಸಹಾಯ ಮಾಡ್ತಾ ಇದೀನಮ್ಮಾ!”

“ನೀವು ಹೀಗೇ ಸಹಾಯ ಮಾಡ್ತಿದ್ರೆ ಅವರು ಪ್ರಯತ್ನ ಮಾಡೋದನ್ನೇ ಬಿಟ್ಬಿಡ್ತಾರೆ. ಮೊದಲ ಕೆಲವು ತಿಂಗಳು ಬಹಳ ಮುಖ್ಯ. ಈಗ ಬಿಟ್ಟರೆ ಆಮೇಲೆ ಇನ್ನೂ ಕಷ್ಟ.”

ಆಮೇಲೆ ಚೀಲದಿಂದ ಪೆಪ್ಪರ್‌ಮೆಂಟಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಥೆಲ್ಮಾ ಮಾತು ಶುರು ಮಾಡಿದರೆ ನಾನೊಂದು ಬಾಯಿಗೆ ಹಾಕಿಕೊಳ್ಳಬೇಕಂತೆ. ಅದು ಕರಗುವ ತನಕ ಮಾತಾಡುವಂತಿಲ್ಲವಂತೆ. “ಕಚ್ಚೋ ಹಾಗಿಲ್ಲ ಮತ್ತೆ,” ಅಂದಳು. ಜೀವಮಾನವಿಡೀ ಮಾತಿನಲ್ಲೇ ಅನ್ನ ದುಡಿದವನಿಗೆ ಈ ಶಿಕ್ಷೆ! ಥೆಲ್ಮಾ ಎಡಗೈಯಲ್ಲಿ ಬಾಯಿ ಮುಚ್ಚಿಕೊಂಡಳು. ನಕ್ಕಳು ಅಂತ ಕಾಣುತ್ತದೆ.

ಮಾರ್ಚ್ 5, ಭಾನುವಾರ

ಡಬ್ಬಿ ಆಗಲೇ ಅರ್ಧ ಖಾಲಿ. ಎಲ್ಲ ಕಚ್ಚಿದ್ದೇ. ಹಲ್ಲು ನೋಯುತ್ತಿದೆ.

ಗಾಳಿ ಬದಲಾಗಲಿ ಅಂತ ಥೆಲ್ಮಾಳನ್ನು ಚರ್ಚಿನ ಪಕ್ಕದ ಚಹಾದಂಗಡಿಗೆ ಕರೆದುಕೊಂಡು ಹೋಗಿದ್ದೆ. ಅಂಗಡಿಯವಳು ಏನು ಕೊಡಲಿ ಅಂದಳು. ಥೆಲ್ಮಾ ತುಟಿ ಕೂಡಿಸಿದಳು, ಬಿಟ್ಟಳು, ಮತ್ತೆ ಕೂಡಿಸಿದಳು. ಹಿಂದೆ ಜನ ನಿಂತಿದ್ದರು. ನಾನು “ಎರಡು ಸ್ಕೋನು, ಜಾಮು, ಕೆನೆ” ಅಂದೆ. ಅವಳು ತಟ್ಟೆಯನ್ನು ಮುಟ್ಟಲೇ ಇಲ್ಲ. ಬರುವಾಗ ಗಾಜಿನ ಪೆಟ್ಟಿಗೆಯಲ್ಲಿದ್ದ ಸೇಬಿನ ಕೇಕಿಗೆ ಬೆರಳು ತೋರಿಸಿ ನನ್ನ ಮುಖವನ್ನೇ ನೋಡಿದಳು. ಮೊದಲೇ ತೋರಿಸಬಾರದಾಗಿತ್ತಾ? ಎರಡೂ ಸ್ಕೋನು ನಾನೇ ತಿಂದೆ.

ಮಾರ್ಚ್ 8, ಬುಧವಾರ

ಬೆಳಗ್ಗೆ ಎದ್ದು ಬಂದರೆ ಥೆಲ್ಮಾ ಹಿಂಬಾಗಿಲ ಹತ್ತಿರ ಕೂತು ರಬ್ಬರ್ ಬೂಟು ಹಾಕಿಕೊಳ್ಳುತ್ತಿದ್ದಾಳೆ. ಎಡಗಾಲಿನದು ಬಲಗಾಲಿಗೆ. ಮಡಿಲಲ್ಲಿ ದುರ್ಬೀನು.

ಅರ್ಥವಾಯಿತು. ಮೂವತ್ತು ವರ್ಷದಿಂದ ಬುಧವಾರ ಬಂತೆಂದರೆ ಅವಳು ಫ್ಲಾಸ್ಕು ತುಂಬಿಸಿಕೊಂಡು ಜೌಗಿನ ಕೆರೆಗಳ ಕಡೆ ಹಕ್ಕಿ ನೋಡಲು ಹೊರಟುಬಿಡುತ್ತಿದ್ದಳು. ನಾನು ಒಂದು ದಿನವೂ ಜೊತೆಗೆ ಹೋದವನಲ್ಲ. ಸಂತೆಯ ಮರುದಿನ ನನಗೆ ಮಲಗಬೇಕು. ಅಲ್ಲಿ ಇರುವುದಾದರೂ ಏನು? ನಮ್ಮಜ್ಜಂದಿರು ಒಲೆಯಲ್ಲಿ ಸೌದೆಯ ಹಾಗೆ ಉರಿಸಲು ಜೌಗಿನ ಕರಿಮಣ್ಣು ಅಗೆದು ಬಿಟ್ಟುಹೋದ ಗುಂಡಿಗಳು. ನೀರು ತುಂಬಿತು, ಜೊಂಡು ಬೆಳೆಯಿತು, ಈಗ ಅದನ್ನು ನೋಡಲು ಲಂಡನ್ನಿನಿಂದ ಕಾರು ಮಾಡಿಕೊಂಡು ಬರುತ್ತಾರೆ.

“ಇವತ್ತು ಬ್ರಯೊನಿ ಬರ್ತಾಳೆ ಕಣೇ. ನಾಳೆ ಕರ್ಕೊಂಡು ಹೋಗ್ತೀನಿ, ಆಣೆ,” ಅಂದೆ.

“ಮಂಗಳವಾರ,” ಅಂದಳು ಥೆಲ್ಮಾ, ಬೇಡವೇ ಬೇಡ ಅನ್ನುವ ಹಾಗೆ. ಬೂಟನ್ನು ಮಾತ್ರ ಸಂಜೆಯವರೆಗೆ ಬಿಚ್ಚಲಿಲ್ಲ. ಪಾಠವೂ ಬೂಟಿನಲ್ಲೇ ಆಯಿತು.

ಮಾರ್ಚ್ 9, ಗುರುವಾರ

ಹೋಗಿ ಬಂದೆವು. ಮೈಯೆಲ್ಲ ಚಳಿ. ಚಹಾ ಕುಡಿದರೂ ಇಳಿಯುತ್ತಿಲ್ಲ.

ವಿಲೋ ಮರಗಳ ಸಾಲಿನಲ್ಲಿ ನಡೆದರೆ ಕೊನೆಗೊಂದು ಮರದ ಗುಡಿಸಲು ಸಿಗುತ್ತದೆ. ಒಳಗೆ ಉದ್ದಕ್ಕೆ ಬೆಂಚು, ಎದುರಿಗೆ ಅಂಗೈ ಅಗಲದ ಕಿಂಡಿಗಳು. ಹಕ್ಕಿಗೆ ಕಾಣದ ಹಾಗೆ ಕೂತು ಹಕ್ಕಿಯನ್ನು ನೋಡುವುದು. ಹಕ್ಕಿ ನೋಡುವವರು ಇದಕ್ಕೆ ಹೈಡ್ ಅನ್ನುತ್ತಾರೆ. ಒಳಗೆ ಹೋದ ತಕ್ಷಣ ನಾನು “ಗುಡ್ ಮಾರ್ನಿಂಗ್ ಎಲ್ಲರಿಗೂ!” ಅಂದೆ. ಕೆರೆಯ ಮೇಲಿದ್ದ ಬಾತುಗಳೆಲ್ಲ ಒಟ್ಟಿಗೇ ಎದ್ದು ಹಾರಿಹೋದವು. ಮೂಲೆಯಲ್ಲಿ ಕೂತಿದ್ದವನು ದುರ್ಬೀನು ಕೆಳಗಿಳಿಸಿ ನನ್ನತ್ತ ತಿರುಗಿದ.

“ಇನ್ಯಾರು! ಹೆಂಬ್ರೋ. ಗಂಟಲು ಕೇಳೇ ಗೊತ್ತಾಯ್ತು ಮಾರಾಯ.”

ಲಯನೆಲ್ ಟ್ರಾಟ್. ಹಾಲಿನ ಹಸು ಸಾಕಿಕೊಂಡಿದ್ದ ರೈತ. ನನ್ನ ಸಂತೆಯಲ್ಲಿ ಎಷ್ಟೋ ಕರು ಮಾರಿದವನು, ಕೊಂಡವನು. ಈಗ ಹಸು ಮಾರಿ ಹಕ್ಕಿ ನೋಡುತ್ತಾನೆ. ಥೆಲ್ಮಾಳನ್ನು ಕಂಡು ಎದ್ದು ನಿಂತ. ಮೂಲೆಯ ಜಾಗ ಬಿಟ್ಟುಕೊಟ್ಟ. “ಇದು ನಿನ್ನ ಜಾಗ ಅಲ್ವಾ ಥೆಲ್ಮಾ, ಬಾ. ಎರಡು ತಿಂಗಳಿಂದ ಕಾಯ್ತಾ ಇದೆ,” ಅಂದ. ಅವಳ ಲಕ್ವದ ಕಥೆಯನ್ನು ನಾನು ವಿವರವಾಗಿ ಹೇಳಿದೆ. ಅವನು ಅವಳನ್ನೇ ನೋಡುತ್ತಾ ಕೇಳಿಸಿಕೊಂಡ. ಅವಳು ಕಿಂಡಿಯಿಂದಾಚೆ ನೋಡುತ್ತಿದ್ದಳು.

ಇಲ್ಲೊಂದು ರೂಢಿ ಇದೆ. ಒಳಗೆ ಬಂದವನು ಮೊದಲು ಪಿಸುಗುಟ್ಟಬೇಕು: “ಏನಾದ್ರೂ ಇದ್ಯಾ?” ಕೂತವರಲ್ಲಿ ಕಂಡವರು ಹೇಳಬೇಕು, ಏನು ಕಂಡಿತು, ಎಲ್ಲಿ ಅಂತ. ಆಮೇಲೆ ಎಲ್ಲರೂ ಗಪ್‌ಚಿಪ್. ಹೆಣದ ಮನೆಯಲ್ಲಾದರೂ ಇದಕ್ಕಿಂತ ಹೆಚ್ಚು ಮಾತಿರುತ್ತದೆ.

ನಾನು ಸ್ಯಾಂಡ್‌ವಿಚ್ಚಿನ ಕಾಗದ ಬಿಚ್ಚುತ್ತಿದ್ದಾಗ ಥೆಲ್ಮಾ ಥಟ್ಟನೆ ನನ್ನ ಕೈ ಹಿಡಿದಳು. ಲಯನೆಲ್ ಕೂಡ ಕಿವಿ ನಿಮಿರಿಸಿದ. “ಬಿಟರ್ನು,” ಅಂದ. “ಕೂಗ್ತಾ ಇದೆ. ಕೇಳಿಸ್ತಾ?” ನನಗೆ ಕಾಗದದ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಬಿಟರ್ನ್ ಅಂದರೆ ಬಕಪಕ್ಷಿಯ ಜಾತಿಯದಂತೆ, ಜೊಂಡಿನದೇ ಬಣ್ಣ, ಜೊಂಡಿನ ನಡುವೆ ಕೊಕ್ಕು ಮೇಲೆತ್ತಿ ನಿಂತುಬಿಟ್ಟರೆ ದೇವರಿಗೂ ಕಾಣುವುದಿಲ್ಲವಂತೆ. ಕಾಣದ ಹಕ್ಕಿಯನ್ನು ನೋಡಲು ಬರುವವರಿಗೆ ಏನು ಹೇಳೋಣ.

ಥೆಲ್ಮಾ ದಾರಿಯಲ್ಲಿ ನಿದ್ದೆ ಹೋದಳು. ಮುಖಕ್ಕೆ ಕಳೆ ಬಂದಿತ್ತು.

ಮಾರ್ಚ್ 23, ಗುರುವಾರ

ಎರಡು ವಾರ ಬರೀ ಮಳೆ, ಬರೆಯಲಿಲ್ಲ. ಇವತ್ತು ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಬೆಳಗ್ಗೆ ಹೈಡಿನಲ್ಲಿ ನಾವಿಬ್ಬರೇ ಇದ್ದೆವು. ಲಯನೆಲ್ ತಡವಾಗಿ ಬಂದ, ಜೊತೆಯಲ್ಲಿ ಗುರುತಿಲ್ಲದ ಇಬ್ಬರು ಹೆಂಗಸರು. ಲಯನೆಲ್ ಪಿಸುಗುಟ್ಟಿದ, “ಏನಾದ್ರೂ ಇದ್ಯಾ?” ಕೇಳಿದ್ದು ಥೆಲ್ಮಾಳನ್ನು. ಅವಳು ತಿರುಗಿದಳು, ಬಾಯಿ ತೆರೆದಳು. ಕಣ್ಣು ಫಳಫಳ ಹೊಳೆಯುತ್ತಿತ್ತು. ಬಾಯಿ ತೆರೆದೇ ಇತ್ತು, ಏನೂ ಬರಲಿಲ್ಲ. ಆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ತಡೆಯಲಾಗಲಿಲ್ಲ. “ಏನಿಲ್ಲಪ್ಪ, ಬರೀ ನಾಮದ ಕೋಳಿ, ಬಾತು,” ಅಂದೆ. “ಪಾಪ, ಇವಳಿಗೆ ಮಾತು ಹೋಗಿದೆ. ನೀವು ಬೇಜಾರು ಮಾಡ್ಕೋಬೇಡಿ.”

ಥೆಲ್ಮಾ ಎಡಗೈ ಎತ್ತಿ ಬಲಗಡೆಯ ಜೊಂಡಿನ ಅಂಚು ತೋರಿಸಿದಳು. ಎಲ್ಲರೂ ಅತ್ತ ನೋಡುವಷ್ಟರಲ್ಲಿ ಜೊಂಡು ಸ್ವಲ್ಪ ಅಲುಗಾಡಿ ನಿಂತಿತು. ಅಷ್ಟೇ. ಅವಳು ಬಿಟರ್ನನ್ನು ಕಂಡಿದ್ದಳು. ನಾನು ಪಕ್ಕದಲ್ಲೇ ಕೂತು ಬಾತು ನೋಡುತ್ತಿದ್ದೆ.

ಅವಳು ಎದ್ದಳು. “ಮಂಗಳವಾರ,” ಅಂದಳು ನನಗೆ. ಮೆಲ್ಲಗೆ, ಹಲ್ಲು ಕಚ್ಚಿ. ಹೊರಗೆ ಹೋಗಿ ಕಾರಿನ ಹತ್ತಿರ ನಿಂತಳು. ಮನೆಗೆ ಬಂದವಳು ಬೂಟನ್ನು ಬೀರುವಿನೊಳಗೆ ಇಟ್ಟು ಬಾಗಿಲು ಹಾಕಿದಳು.

ನಾನೇನು ಕೆಟ್ಟದ್ದು ಮಾಡಿದೆ? ಅಷ್ಟು ಜನರ ಎದುರು ಅವಳು ತಡವರಿಸುವುದನ್ನು ನೋಡುತ್ತಾ ಕೂತಿರಬೇಕಿತ್ತಾ? ಯಾರ ಗಂಡನಾದರೂ ಅದನ್ನೇ ಮಾಡುತ್ತಿದ್ದ.

ಮಾರ್ಚ್ 26, ಭಾನುವಾರ

ಮಂಗಳವಾರ ಅಂತಲೂ ಅನ್ನುತ್ತಿಲ್ಲ.

ಮಾರ್ಚ್ 29, ಬುಧವಾರ

ಬ್ರಯೊನಿ ಚಿತ್ರ ತೋರಿಸಿದಳು, ಹಾಡು ಹಾಕಿದಳು, ಕೈ ಹಿಡಿದು ತಾಳ ತಟ್ಟಿದಳು. ಥೆಲ್ಮಾ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ತುಟಿ ಅಲುಗಿಸಲಿಲ್ಲ.

ಹೊರಡುವಾಗ ಬ್ರಯೊನಿ ಬಾಗಿಲಲ್ಲಿ ನಿಂತು ಕೇಳಿದಳು, “ಏನಾಯ್ತು, ಮಿಸ್ಟರ್ ಹೆಂಬ್ರೋ? ಹೋದ ವಾರ ಎಷ್ಟು ಪ್ರಯತ್ನ ಮಾಡ್ತಿದ್ರು.” ನಾನು ಹೇಳಿದೆ. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. “ಇದು ಹೀಗೇ ಮುಂದುವರಿದ್ರೆ ನನಗೆ ಭಯ ಆಗುತ್ತೆ,” ಅಂದಳು. ನನಗೂ ಆಗುತ್ತಿದೆ. ಅವಳ ಧ್ವನಿ ಇನ್ನು ಈ ಮನೆಯಲ್ಲಿ ಕೇಳುವುದೇ ಇಲ್ಲವೇನೋ ಅಂತ ಅಡುಗೆಮನೆಯಲ್ಲಿ ನಿಂತು ಅತ್ತೆ. ಬೆಕ್ಕು ನೋಡಿತು. ಹೋಗೇ ಆಚೆ ಅಂತ ಅದರ ಮೇಲೆ ರೇಗಿದೆ.

ಮಾರ್ಚ್ 30, ಗುರುವಾರ

ಬೂಟು ತೆಗೆದು ಮುಂದಿಟ್ಟರೂ ಥೆಲ್ಮಾ ಏಳಲಿಲ್ಲ. ಪಕ್ಕದ ಮನೆಯ ಮಿಸೆಸ್ ಪಾಪಲ್‌ಗೆ ಸ್ವಲ್ಪ ಹೊತ್ತು ಕೂತಿರಿ ಅಂತ ಹೇಳಿ ನಾನೊಬ್ಬನೇ ಹೋದೆ. ಆ ಹಾಳು ಹಕ್ಕಿಯಲ್ಲಿ ಅಂಥದ್ದೇನಿದೆ ನೋಡಿಯೇ ಬಿಡೋಣ ಅಂತ.

ಲಯನೆಲ್ ಇದ್ದ. ನಾನು ಮೆಲ್ಲಗೇ ಹೋಗಿ ಕೂತೆ. ಅವನು ಕಿಂಡಿಯಿಂದ ಕಣ್ಣು ತೆಗೆಯದೆ ಅಂದ:

“ಇಲ್ಲಿ ಕಂಡವರು ಹೇಳಬೇಕು ಹೆಂಬ್ರೋ. ಕಾಣದವರು ಹೇಳೋ ಹಾಗಿಲ್ಲ.”

“ಅವಳಿಗೆ ಮಾತು ಬರಲ್ಲ ಕಣೋ.”

“ಬರುತ್ತೋ ಬರಲ್ವೋ, ನೀನು ಬಿಟ್ಟರಲ್ವಾ ಗೊತ್ತಾಗೋದು. ನಿನ್ನ ಸಂತೆಯಲ್ಲೂ ಇದೇ ಕಥೆ. ಹಿಂದೆ ನಿಂತವನು ಕೈ ಎತ್ತಲೋ ಬೇಡವೋ ಅಂತ ಯೋಚಿಸ್ತಾ ಇರ್ತಿದ್ದ. ನೀನು ಒಂದು ಸಲ, ಎರಡು ಸಲ ಅಂತ ಉಸಿರು ಬಿಡದೆ ಕೂಗಿ ಸುತ್ತಿಗೆ ಬಡಿದುಬಿಡ್ತಿದ್ದೆ. ನಾನು ಬಾಯಿ ತೆರೆಯೋದ್ರೊಳಗೆ ನನ್ನ ಎದುರಿಗೇ ಒಳ್ಳೊಳ್ಳೆ ಕರುಗಳು ಬೇರೆಯವರ ಪಾಲಾದವು.”

ಸಂತೆ ಬೇಗ ನಡೆಯಬೇಕಪ್ಪ, ದನಗಳು ನಿಂತು ಒದ್ದಾಡುತ್ತವೆ, ಅಂತ ಹೇಳಬೇಕೆಂದಿದ್ದೆ. ಬಾಯಲ್ಲಿ ಪೆಪ್ಪರ್‌ಮೆಂಟು ಇತ್ತು. ಅದು ಕರಗುವವರೆಗೆ ಇರಲಿ ಅಂತ ಸುಮ್ಮನಾದೆ. ಆಗ ಕೇಳಿಸಿತು. ದೂರದ ಜೊಂಡಿನ ಒಳಗಿಂದ, ಖಾಲಿ ಬಾಟಲಿಯ ಬಾಯಿಗೆ ಯಾರೋ ಊದಿದ ಹಾಗೆ. ಊಂ. ಸ್ವಲ್ಪ ಬಿಟ್ಟು ಮತ್ತೊಂದು ಸಲ. ಕಿವಿಗಿಂತ ಮೊದಲು ಎದೆಗೆ ಕೇಳುತ್ತದೆ ಅದು. ಇಷ್ಟು ವರ್ಷ ಇದೇ ಊರಲ್ಲಿದ್ದೇನೆ, ಒಂದು ಸಲವೂ ಕೇಳಿರಲಿಲ್ಲ.

ಏಪ್ರಿಲ್ 2, ಭಾನುವಾರ

ಊಟ ಆದಮೇಲೆ ಖಾಲಿ ಸೈಡರ್ ಬಾಟಲಿ ತೆಗೆದುಕೊಂಡು ಥೆಲ್ಮಾಳ ಎದುರು ಕೂತು ಊದಿದೆ. ಪೀ ಅಂತು. ಮತ್ತೆ ಊದಿದೆ. ಪೀ. “ನಿನ್ನ ಹಕ್ಕಿ ಕೂಗಿದ್ದು ಕೇಳಿದೆ ಕಣೇ, ಗುರುವಾರ. ಸುಮ್ಮನೆ ಕೂತಿದ್ದಾಗ,” ಅಂದೆ. ತಪ್ಪಾಯ್ತು ಅಂತಲೂ ಅಂದೆ. ಅದೆಲ್ಲ ಬರೆಯಲು ನಾಚಿಕೆ.

ಅವಳು ನನ್ನನ್ನು ನೋಡಿದಳು. ಬಾಟಲಿ ಕಿತ್ತುಕೊಂಡು ಅದಕ್ಕೆ ನಲ್ಲಿಯಿಂದ ಸ್ವಲ್ಪ ನೀರು ಹಿಡಿದಳು, ಚೆಲ್ಲಿ ಸರಿ ಮಾಡಿದಳು, ಕೆಳತುಟಿ ಇಟ್ಟು ಊದಿದಳು. ಊಂ. ಅದೇ! ತಪ್ಪದೆ ಅದೇ! ಬೆಕ್ಕು ಮೇಜಿನ ಮೇಲಿಂದ ನೆಗೆದು ಓಡಿತು. ಥೆಲ್ಮಾಗೆ ನಕ್ಕು ನಕ್ಕು ಕೆಮ್ಮು ಬಂತು. “ಮಂಗಳವಾರ,” ಅಂದಳು, ಕಣ್ಣೊರೆಸಿಕೊಂಡು. ಹತ್ತು ದಿನ ಆದಮೇಲೆ ಆ ಪದ ಕೇಳಿದ್ದು.

ಏಪ್ರಿಲ್ 6, ಗುರುವಾರ

ಹೋಗಿದ್ದೆವು. ಬಿಟರ್ನ್ ಮೂರು ಸಲ ಕೂಗಿತು. ನೀರುಕಾಗೆಯೊಂದು ಕಂಬದ ಮೇಲೆ ರೆಕ್ಕೆ ಒಣಗಿಸುತ್ತಾ ನಿಂತಿತ್ತು, ಬಟ್ಟೆ ಒಣಹಾಕಿದ ಹಾಗೆ. ಥೆಲ್ಮಾ ಸ್ಯಾಂಡ್‌ವಿಚ್ ಪೂರ್ತಿ ತಿಂದಳು.

ಏಪ್ರಿಲ್ 20, ಗುರುವಾರ

ಇವತ್ತು ಗುಳುಮುಳುಕ ಜಾತಿಯ ಎರಡು ದೊಡ್ಡ ಹಕ್ಕಿಗಳ ಕುಣಿತ ನೋಡಿದೆ. ಎದುರುಬದುರು ನಿಂತು ತಲೆ ಅಲ್ಲಾಡಿಸುತ್ತವೆ. ಒಂದು ಮುಳುಗಿ ನೀರಿನಡಿಯಿಂದ ಹುಲ್ಲು ಕಚ್ಚಿ ತರುತ್ತದೆ, ಇನ್ನೊಂದೂ ತರುತ್ತದೆ. ಆಮೇಲೆ ಎದೆಗೆ ಎದೆ ಕೊಟ್ಟು ನೀರಿನ ಮೇಲೆ ಎದ್ದು ನಿಲ್ಲುತ್ತವೆ. ಒಂದು ಇನ್ನೊಂದರ ಸರದಿ ಮುಗಿಯುವವರೆಗೆ ಕಾಯುತ್ತದೆ. ನೋಡುತ್ತಾ ಕೂತಿದ್ದರಲ್ಲಿ ಲೋಟಕ್ಕೆ ಬಗ್ಗಿಸಿದ್ದ ಚಹಾ ಆರಿಹೋಗಿತ್ತು.

ಥೆಲ್ಮಾಳ ಮಂಗಳವಾರಗಳಲ್ಲಿ ಎಷ್ಟೋ ಬಗೆ ಇವೆ ಅಂತ ಈಚೆಗೆ ಗಮನಿಸಿದೆ. ಕೊನೆಯಲ್ಲಿ ಏರಿದರೆ ಪ್ರಶ್ನೆ. ಎಳೆದರೆ ಸುಸ್ತು. ಹಕ್ಕಿ ಕಂಡಾಗಿನದು ಉಸಿರಿನಲ್ಲೇ ಬರುತ್ತದೆ. ಮೊದಲು ಎಲ್ಲ ಒಂದೇ ಅನ್ನಿಸುತ್ತಿತ್ತು. ಬಹುಶಃ ಅವಳು ಈಗ ಸ್ಪಷ್ಟವಾಗಿ ಹೇಳುತ್ತಿದ್ದಾಳೆ.

ಮೇ 4, ಗುರುವಾರ

ಶುಭ ಸಮಾಚಾರ! ಹೈಡಿನ ಹೊಸ್ತಿಲಿಗೆ ಕಾಲು ಎಡವಿ ಥೆಲ್ಮಾ “ಥೂ, ದರಿದ್ರ!” ಅಂದಳು. ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ. ಒಳಗಿದ್ದವರು ಬೆಚ್ಚಿಬಿದ್ದರು. ಲಯನೆಲ್ ಟೋಪಿ ತೆಗೆದು “ನಮಸ್ಕಾರ ಥೆಲ್ಮಾ” ಅಂದ.

ಫೋನಿನಲ್ಲಿ ಹೇಳಿದಾಗ ಬ್ರಯೊನಿ ಕುಣಿದಾಡಿದಳು. ಬೈಗುಳ ತಾನಾಗಿ ಬಾಯಿಗೆ ಬರುತ್ತದಂತೆ, ಬೇಕು ಅಂತ ಹುಡುಕಿ ಆಡುವ ಮಾತಿನ ದಾರಿಯೇ ಬೇರೆಯಂತೆ. ಆದರೂ ಒಳ್ಳೆಯದೇ ಅಂದಳು. ಹುಡುಕಿ ಆಡಿದ ಮಾತು ಒಂದೇ ಒಂದು ಬರಲಿ ಸಾಕು, ಅದರ ಹಿಂದೆ ಉಳಿದವೂ ಬರುತ್ತವೆ ಅಂತ ಅವಳ ನಂಬಿಕೆ.

ಮೇ 14, ಭಾನುವಾರ

ಥೆಲ್ಮಾಳ ಅಕ್ಕ ಹೇಝೆಲ್ ಡೆವನ್‌ನಿಂದ ಬಂದು ಇಳಿದಿದ್ದಾಳೆ. ಒಂದು ವಾರ ಇರುತ್ತಾಳಂತೆ, ದೇವರೇ ಕಾಪಾಡಬೇಕು.

“ಪುಟ್ಟಾ, ಚಹಾ ಬೇಕಾ? ಬೇಕು. ಸಕ್ಕರೆ? ಒಂದು ಚಮಚ. ಚಳಿ ಆಗ್ತಿದ್ಯಾ? ಸಿರಿಲ್, ಅವಳಿಗೆ ಚಳಿ ಆಗ್ತಿದೆ, ಶಾಲು ತಗೊಂಡು ಬಾ!”

ಪ್ರಶ್ನೆಯೂ ಅವಳದೇ, ಉತ್ತರವೂ ಅವಳದೇ, ಶಾಲಿಗೆ ಓಡುವ ಸಿರಿಲ್ ಮಾತ್ರ ನಾನು. ಥೆಲ್ಮಾ ತುಟಿ ಅಲುಗಿಸುವಷ್ಟರಲ್ಲಿ ಹೇಝೆಲ್ ಮೂರು ಮಾತು ಮುಂದೆ. ಸಕ್ಕರೆ ಬಿಟ್ಟು ವರ್ಷವಾಯಿತು ಥೆಲ್ಮಾಗೆ! ನನಗೆ ಮೈ ಉರಿದುಹೋಗುತ್ತದೆ. ಇಷ್ಟು ವಯಸ್ಸಾದರೂ ಈ ಹೆಂಗಸಿಗೆ ಎದುರಿಗಿರುವವರ ಮುಖ ನೋಡಬೇಕು ಅಂತ ತಿಳಿಯುವುದಿಲ್ಲ ಅಂದರೆ! ಇಂಥವಳ ಜೊತೆ ಥೆಲ್ಮಾ ಹೇಗೆ ಬೆಳೆದಳೋ. ಹೇಝೆಲ್‌ಗೆ ಪೆಪ್ಪರ್‌ಮೆಂಟು ಕೊಟ್ಟೆ. ಕಟಕಟ ಕಚ್ಚಿ ತಿಂದಳು.

ಥೆಲ್ಮಾ ನನ್ನನ್ನೂ ಅವಳನ್ನೂ ನೋಡಿ ಯಾಕೋ ನಗುತ್ತಿದ್ದಳು.

ಮೇ 18, ಗುರುವಾರ

ಎಲ್ಲ ಸಾವಕಾಶವಾಗಿ ಬರೆಯಬೇಕು, ಒಂದೂ ಬಿಡಬಾರದು.

ಹೇಝೆಲ್‌ಳನ್ನೂ ಕರೆದುಕೊಂಡು ಹೋಗಿದ್ದೆವು. ದಾರಿಯುದ್ದಕ್ಕೂ ಅವಳ ಬಾಯಿ. ಬಿಸಿಲು ಚೆನ್ನಾಗಿತ್ತು, ಜೊಂಡು ಹಸಿರಾಗಿ ಎದೆಯೆತ್ತರ ಬೆಳೆದಿತ್ತು. ಹೈಡಿನಲ್ಲಿ ಲಯನೆಲ್ ಇದ್ದ. ಥೆಲ್ಮಾ ಮೂಲೆಯ ಜಾಗದಲ್ಲಿ ಕೂತಳು, ಪಕ್ಕದಲ್ಲಿ ನಾನು, ನನ್ನ ಪಕ್ಕ ಹೇಝೆಲ್. ಎಷ್ಟೋ ಹೊತ್ತು ಏನೂ ಇಲ್ಲ. ಹೇಝೆಲ್ ಬಾಯಿಗೆ ಕೆಲಸ ಇರಲಿ ಅಂತ ಊಟದ ಡಬ್ಬಿ ಅವಳ ಕೈಗೇ ಕೊಟ್ಟಿದ್ದೆ.

ಥೆಲ್ಮಾಳ ಉಸಿರು ಬದಲಾಯಿತು. “ಮಂಗಳವಾರ,” ಅಂದಳು, ಉಸಿರಿನಲ್ಲೇ. ಅವಳ ಕಣ್ಣು ಹೋದ ಕಡೆ ನಾನೂ ನೋಡಿದೆ. ಎಡಗಡೆ ಒಣಗಿ ನಿಂತ ವಿಲೋ ಮರ. ಅದರ ಬುಡದಲ್ಲಿ ಜೊಂಡು. ಬರೀ ಜೊಂಡು. ನೋಡುತ್ತಾ ನೋಡುತ್ತಾ ಆ ಜೊಂಡಿನಲ್ಲಿ ಒಂದಕ್ಕೆ ಕಣ್ಣು ಮೂಡಿತು, ಹಳದಿ ಕಣ್ಣು. ಕೊಕ್ಕು ಆಕಾಶಕ್ಕೆ ಚಾಚಿ ಅದು ನಿಂತಿತ್ತು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಹೊಸಬ, ನಲವತ್ತರ ಆಸುಪಾಸು, ಬೆನ್ನ ಮೇಲೆ ದೊಡ್ಡ ಟೆಲಿಸ್ಕೋಪು, ಮುಖದಲ್ಲಿ ಸುಸ್ತು. ಕಿಂಡಿಯ ಹತ್ತಿರ ಬಗ್ಗಿ ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದ: “ಏನಾದ್ರೂ ಇದ್ಯಾ? ನಾಲ್ಕು ದಿನದಿಂದ ಬಿಟರ್ನ್ ಹುಡುಕ್ತಾ ಇದೀನಿ. ಇವತ್ತು ವಾಪಸ್ ಹೋಗ್ಬೇಕು.”

ಥೆಲ್ಮಾ ತಿರುಗಿದಳು. ಬಾಯಿ ತೆರೆದಳು.

ಹೇಝೆಲ್ “ಅಯ್ಯೋ, ಅವಳಿಗೆ ಮಾತು...” ಅಂತ ಶುರು ಮಾಡಿದಳು. ಡಬ್ಬಿಯಲ್ಲಿದ್ದ ಚೀಸ್ ಸ್ಯಾಂಡ್‌ವಿಚ್ ತೆಗೆದು ಅವಳ ಬಾಯಿಗೆ ತುರುಕಿದೆ. ಬೇರೆ ದಾರಿ ಇರಲಿಲ್ಲ.

“ಮಂಗ...” ಅಂದಳು ಥೆಲ್ಮಾ. ನಿಲ್ಲಿಸಿದಳು. ಅದಲ್ಲ ಅಂತ ತಲೆಯಾಡಿಸಿದಳು. ಎಡಗೈಯಿಂದ ಕಿಂಡಿಯ ಹಲಗೆಯನ್ನು ಒಂದು ಸಲ ಮೆಲ್ಲಗೆ ತಟ್ಟಿದಳು. ಆ ಮನುಷ್ಯ ನನ್ನ ಕಡೆ ನೋಡಿದ, ನೀನಾದರೂ ಹೇಳು ಅನ್ನುವ ಹಾಗೆ. ನಾನು ನೀರಿನ ಕಡೆ ತಿರುಗಿದೆ. ಲಯನೆಲ್‌ನನ್ನು ನೋಡಿದ. ಲಯನೆಲ್ ತನ್ನ ಬೂಟಿನ ಲೇಸು ನೋಡುತ್ತಿದ್ದ.

ಜೊಂಡಿನಲ್ಲಿ ಹಕ್ಕಿ ಕೊಕ್ಕು ಇಳಿಸಿತು. ಒಂದು ಕಾಲು ಎತ್ತಿತು. ಒಳಗೆ ಹೋಗಿಬಿಡುತ್ತದೆ! ಎಡಗಡೆ ನೋಡಪ್ಪಾ, ಒಣಮರದ ಬುಡದಲ್ಲಿ! ನನಗೆ ಗೊತ್ತಿತ್ತು, ಅವಳಿಗೆ ಬೇಕಾದ ಪದ ನನ್ನ ನಾಲಗೆಯ ತುದಿಯಲ್ಲೇ ಕೂತಿತ್ತು. ಪಾಪ ಆ ಮನುಷ್ಯನ ನಾಲ್ಕು ದಿನದ ಕಷ್ಟವೂ ಕಣ್ಣೆದುರಿಗಿತ್ತು. ಹೋದರೆ ಹೋಗಲಿ ಅಂದುಕೊಂಡೆ. ಹಕ್ಕಿ ಹೋದರೆ ನಾಳೆ ಬರುತ್ತದೆ.

ಥೆಲ್ಮಾಳ ಕುತ್ತಿಗೆಯ ನರ ಬಿಗಿಯಿತು.

“ಎ,” ಅಂದಳು. “ಎ... ಎಡ.”

ಯಾರೂ ಅಲುಗಲಿಲ್ಲ.

“ಎಡ. ಒಣ... ಒಣ...” ಉಸಿರು ತೆಗೆದುಕೊಂಡಳು. “ಮರ.”

ಆ ಮನುಷ್ಯ ಎಡಕ್ಕೆ ನೋಡಿದ. ಒಣಮರ ಹುಡುಕಿದ. “ಓ!” ಅಂದ, ಚಿಕ್ಕ ಹುಡುಗನ ಹಾಗೆ. ಹಕ್ಕಿ ಅವನಿಗಾಗಿಯೇ ನಿಂತಿದ್ದಂತೆ ಇನ್ನೊಂದು ಹೆಜ್ಜೆ ಆಚೆಗೆ ಇಟ್ಟು, ಅಗಲವಾದ ಕಂದು ರೆಕ್ಕೆ ಬಿಚ್ಚಿ, ಜೊಂಡಿನ ತುದಿಗೆ ತಾಗುವ ಹಾಗೆ ಹಾರಿಹೋಯಿತು. “ತುಂಬಾ ಉಪಕಾರ ಆಯ್ತಮ್ಮಾ,” ಅಂದ ಥೆಲ್ಮಾಗೆ. “ನೀವು ಹೇಳದಿದ್ರೆ ನನಗೆ ಕಾಣ್ತಾನೇ ಇರಲಿಲ್ಲ.”

ಥೆಲ್ಮಾ ಪರವಾಗಿಲ್ಲ ಅನ್ನುವ ಹಾಗೆ ತಲೆದೂಗಿದಳು. ಮೂವತ್ತು ವರ್ಷ ಅಲ್ಲಿ ಕೂತು ಎಷ್ಟು ಜನಕ್ಕೆ ಹೀಗೆ ದಾರಿ ತೋರಿಸಿದ್ದಾಳೋ.

ಅವನು ತಿರುಗಿ ನೋಡಿದರೆ ಹೇಝೆಲ್ ಸ್ಯಾಂಡ್‌ವಿಚ್ ಬಾಯಲ್ಲಿಟ್ಟುಕೊಂಡೇ ಅಳುತ್ತಿದ್ದಾಳೆ, ಲಯನೆಲ್ ಕರ್ಚೀಫಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಾನೆ, ನನ್ನ ಗಲ್ಲದ ಮೇಲೂ ನೀರು. ಈ ಕಡೆಯ ಜನ ಒಂದು ಹಕ್ಕಿಗೆ ಇಷ್ಟೊಂದು ಅಳುತ್ತಾರಾ ಅಂತ ಅವನಿಗೆ ಅನ್ನಿಸಿರಬೇಕು. ಟೋಪಿ ಸರಿಮಾಡಿಕೊಂಡು ಹೊರಟುಹೋದ.

ಹೇಝೆಲ್ ಮನೆಗೆ ಬರುವವರೆಗೆ ಒಂದು ಮಾತೂ ಆಡಲಿಲ್ಲ. ಹಾಗೆ ನೋಡಿದರೆ ನಾನೂ ಆಡಲಿಲ್ಲ. ಕಾರಿನಲ್ಲಿ ಪೆಪ್ಪರ್‌ಮೆಂಟಿನ ಡಬ್ಬಿ ಕಂಡಿತು, ಬಿಸಿಲಿಗೆ ಒಂದಕ್ಕೊಂದು ಅಂಟಿಕೊಂಡಿವೆ. ಯಾವತ್ತಿನಿಂದ ಅಲ್ಲಿ ಬಿದ್ದಿತ್ತೋ.

ಮೇ 21, ಭಾನುವಾರ

ಹೇಝೆಲ್ ಬೆಳಗಿನ ಬಸ್ಸಿಗೆ ಹೋದಳು. ಹೋಗುವಾಗ ಥೆಲ್ಮಾಗೆ ಇನ್ನೊಂದು ಚಹಾ ಬೇಕಾ ಅಂತ ಕೇಳಿ, ಕೇಳಿದವಳೇ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡು ನಿಂತಳು. ಕೆಂಪಗಾದಳು ಪಾಪ. ಥೆಲ್ಮಾ “ಬೇಡ” ಅಂದಳು.

ಮಧ್ಯಾಹ್ನ ಒಲೆಯ ಮೇಲೆ ಕೆಟಲ್ ಇಟ್ಟು ಅವಳನ್ನು ಕೇಳಿದೆ, “ಮತ್ತೆ ಯಾವತ್ತು ಹೋಗೋಣ ಕಣೇ ಕೆರೆಗೆ?”

ಗುರುವಾರವೇ, ಇನ್ನೇನು, ಎರಡು ತಿಂಗಳಿಂದ ಗುರುವಾರವೇ ಹೋಗುತ್ತಿರುವುದು. ಸುಮ್ಮನೆ ಕೇಳಿದ್ದು. ಅವಳು ಬಾಯಿ ತೆರೆದಳು. ನಾನು ಎದುರಿಗೆ ಕೂತೆ. ಕೆಟಲ್ ಕುದಿಯಿತು, ಸೀಟಿ ಹಾಕಿತು. ಹಾಕಲಿ. ಬೆಕ್ಕು ಎದ್ದು ಹೊರಗೆ ಹೋಯಿತು. ಕಿಟಕಿ ಗಾಜೆಲ್ಲ ಹಬೆಯಿಂದ ಮಂಜಾಯಿತು. ಅವಳು ಮೇಜನ್ನು ಎಡಗೈಯಿಂದ ತಟ್ಟಿದಳು, ತಲೆಯಾಡಿಸಿದಳು, ಮತ್ತೆ ತಟ್ಟಿದಳು. ಏನೋ ಒಂದನ್ನು ಆಚೆ ತಳ್ಳಿ ಇನ್ನೊಂದನ್ನು ಎಳೆದು ತರುತ್ತಿದ್ದಳು.

“ಬುಧ,” ಅಂದಳು. “ಬುಧವಾರ.”

ನಾನು ಎದ್ದು ಕೆಟಲ್ ಇಳಿಸಿದೆ. ನೀರೆಲ್ಲ ಇಂಗಿಹೋಗಿತ್ತು.

ಅವಳ ಹಳೆಯ ಬುಧವಾರ ಈಗ ಬ್ರಯೊನಿ ಬರುವ ದಿನ. ನಾಳೆ ಫೋನ್ ಮಾಡಿ ಹೇಳಬೇಕು, ಬರುವಾಗ ರಬ್ಬರ್ ಬೂಟು ತಗೊಂಡು ಬಾರಮ್ಮಾ ಅಂತ.